ಟೆಕ್ನೋ: ಡೆಟ್ರಾಯಿಟ್ ಹೆತ್ತ ನೃತ್ಯಸಂಗೀತ

ಸಿಂಥಸೈಜರ್ ಹಾಗೂ ಡ್ರಮ್ ಯಂತ್ರಗಳಿಂದ ನೃತ್ಯಾಂಗಣಕ್ಕೆಂದೇ ರಚಿಸುವ ಸಂಗೀತ ಪ್ರಕಾರ ಟೆಕ್ನೋ. ಇದರ ತವರು ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್. ಮೋಟಾರು ಉದ್ಯಮದ ರಾಜಧಾನಿಯೆನಿಸಿದ್ದ ಈ ನಗರ ಕಾರ್ಖಾನೆಗಳ ಅವನತಿಯಿಂದ ತತ್ತರಿಸಿದ್ದ 1980ರ ದಶಕದಲ್ಲಿ ಹುವಾನ್ ಆಟ್ಕಿನ್ಸ್, ಡೆರಿಕ್ ಮೇ ಮತ್ತು ಕೆವಿನ್ ಸಾಂಡರ್‌ಸನ್ ಎಂಬ ಮೂವರು ಕಪ್ಪುವರ್ಣೀಯ ಯುವಕರು ಇದಕ್ಕೆ ಅಡಿಪಾಯ ಹಾಕಿದರು. ಮೂವರೂ ಸಮೀಪದ ಬೆಲ್‌ವಿಲ್‌ನ ಒಂದೇ ಶಾಲೆಯಲ್ಲಿ ಓದಿದವರು. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡ ಹಾಗೂ ಜಾರ್ಜ್ ಕ್ಲಿಂಟನ್ ಅವರ ಫಂಕ್ ಸಂಗೀತ ಅವರಿಗೆ ಪ್ರೇರಣೆಯಾಗಿದ್ದವು.

ಆಟ್ಕಿನ್ಸ್ 1985ರಲ್ಲಿ ಮೆಟ್ರೋಪ್ಲೆಕ್ಸ್ ಎಂಬ ಸ್ವಂತ ಸಂಸ್ಥೆಯಿಂದ, ಮಾಡೆಲ್ 500 ಎಂಬ ಹೆಸರಿನಲ್ಲಿ 'ನೋ ಯುಎಫ್‌ಓಸ್' ಧ್ವನಿಮುದ್ರಿಕೆಯನ್ನು ಹೊರತಂದರು. ಮೇ ಅವರ ಟ್ರಾನ್ಸ್‌ಮ್ಯಾಟ್, ಸಾಂಡರ್‌ಸನ್ ಅವರ ಕೆಎಂಎಸ್ ಸಂಸ್ಥೆಗಳು ಬಳಿಕ ಹುಟ್ಟಿಕೊಂಡವು. ನಾಲ್ಕು ಮಾತ್ರೆಗಳ ಪ್ರತಿ ಮಾತ್ರೆಗೂ ಬೀಳುವ ದಪ್ಪ ಡ್ರಮ್ ಪೆಟ್ಟು ಈ ಸಂಗೀತದ ಬೆನ್ನೆಲುಬು. ನಿಮಿಷಕ್ಕೆ ಸುಮಾರು 120ರಿಂದ 140 ಪೆಟ್ಟುಗಳು ಇದರ ಸಾಮಾನ್ಯ ವೇಗ.

ಪ್ರಕಾರಕ್ಕೆ ಹೆಸರು ನೆಲೆಗೊಂಡದ್ದು 1988ರಲ್ಲಿ ಬ್ರಿಟನ್‌ನಲ್ಲಿ ಬಿಡುಗಡೆಯಾದ 'ಟೆಕ್ನೋ! ದಿ ನ್ಯೂ ಡಾನ್ಸ್ ಸೌಂಡ್ ಆಫ್ ಡೆಟ್ರಾಯಿಟ್' ಸಂಕಲನದಿಂದ. ಡೆಟ್ರಾಯಿಟ್‌ನ ಹೌಸ್ ಸಂಗೀತವೆಂದೇ ಹೊರಬರಬೇಕಿದ್ದ ಅದರ ಶೀರ್ಷಿಕೆ, ಆಟ್ಕಿನ್ಸ್ ಅವರ 'ಟೆಕ್ನೋ ಮ್ಯೂಸಿಕ್' ರಚನೆ ಸೇರಿದ ಬಳಿಕ ಬದಲಾಯಿತು. ಅದರಲ್ಲಿದ್ದ ಸಾಂಡರ್‌ಸನ್ ಅವರ ಇನ್ನರ್ ಸಿಟಿ ತಂಡದ 'ಬಿಗ್ ಫನ್' ಬ್ರಿಟನ್‌ನಲ್ಲಿ ಅಪಾರ ಜನಪ್ರಿಯತೆ ಗಳಿಸಿತು.

1989ರಲ್ಲಿ ಬರ್ಲಿನ್ ಗೋಡೆ ಉರುಳಿದ ಬಳಿಕ ಆ ನಗರ ಟೆಕ್ನೋದ ಎರಡನೆಯ ಮನೆಯಾಯಿತು. ಬರ್ಲಿನ್‌ನ ಟೆಕ್ನೋ ಸಂಸ್ಕೃತಿಯನ್ನು ಜರ್ಮನಿ 2024ರಲ್ಲಿ ತನ್ನ ಅಮೂರ್ತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಟೆಕ್ನೋ ಯುರೋಪಿನ ಕೊಡುಗೆ ಎಂಬ ಭಾವನೆ ವ್ಯಾಪಕವಾಗಿದ್ದರೂ, ಅದರ ಮೊದಲ ಹೆಜ್ಜೆಗಳು ಡೆಟ್ರಾಯಿಟ್‌ನ ಕಪ್ಪುವರ್ಣೀಯ ಯುವಕರವು.