ಟೈರ್ ನಿಯಮಗಳೂ ಮೋಟಾರು ಓಟದ ಲೆಕ್ಕಾಚಾರವೂ

ಫಾರ್ಮುಲಾ ಒನ್ ಓಟದಲ್ಲಿ ಯಾವ ಟೈರ್ ಹಾಕಬೇಕು, ಒಂದು ವಾರಾಂತ್ಯಕ್ಕೆ ಎಷ್ಟು ಸೆಟ್ ಸಿಗುತ್ತವೆ, ಓಟದ ನಡುವೆ ಬದಲಿಸಬೇಕೋ ಬೇಡವೋ ಎಂಬುದನ್ನೆಲ್ಲ ಇಂದು ನಿಯಮ ಪುಸ್ತಕವೇ ಹೇಳುತ್ತದೆ. 1950ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಶುರುವಾದಾಗ ಇಂಥ ಕಟ್ಟುಪಾಡು ಇರಲಿಲ್ಲ. ತಂಡಕ್ಕೆ ಸಿಕ್ಕ ಟೈರನ್ನು ಸವೆಯುವವರೆಗೆ ಓಡಿಸಬಹುದಿತ್ತು, ಬೇಕೆನಿಸಿದಾಗ ಬದಲಿಸಬಹುದಿತ್ತು. ಆ ಸ್ವಾತಂತ್ರ್ಯ ಹಂತಹಂತವಾಗಿ ಹೋಗಿ ನಿಯಮ ಬಂದದ್ದರಿಂದಲೇ ಟೈರ್ ಓಟದ ಲೆಕ್ಕಾಚಾರದ ಕೇಂದ್ರವಾಯಿತು. ಇದರ ಲಾಭ ಹೆಚ್ಚಾಗಿ ದಕ್ಕಿದ್ದು ಹಣ ಕಡಿಮೆ ಇದ್ದ ತಂಡಗಳಿಗೆ. ಬೆಂಗಳೂರಿನ ಉದ್ಯಮಿಯೊಬ್ಬರ ಸಹ-ಒಡೆತನದಲ್ಲಿದ್ದ ಫೋರ್ಸ್ ಇಂಡಿಯಾ ತಂಡದ ಚರಿತ್ರೆ ಇದಕ್ಕೆ ಒಳ್ಳೆಯ ಸಾಕ್ಷಿ.

ಈ ಲೆಕ್ಕಕ್ಕೆ ಮೂಲ ರಬ್ಬರಿನ ಗುಣ. ಮೆತ್ತನೆಯ ರಬ್ಬರು ರಸ್ತೆಯನ್ನು ಬಿಗಿಯಾಗಿ ಹಿಡಿಯುತ್ತದೆ, ಹಾಗಾಗಿ ಕಾರು ತಿರುವಿನಲ್ಲಿ ವೇಗವಾಗಿ ಹೋಗುತ್ತದೆ, ಆದರೆ ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ನಿಧಾನ, ಆದರೆ ಬಾಳಿಕೆ ಹೆಚ್ಚು. ಟೈರ್ ಬದಲಿಸಲು ಪಿಟ್‌ಗೆ, ಅಂದರೆ ಓಟದ ಹಾದಿಯ ಪಕ್ಕದ ತಂಡದ ಜಾಗಕ್ಕೆ, ಬಂದು ಹೋದರೆ ಸುಮಾರು 22 ಸೆಕೆಂಡು ನಷ್ಟವಾಗುತ್ತದೆ ಎಂದು ಇಟ್ಟುಕೊಂಡರೆ, ಹೊಸ ಟೈರ್ ಸುತ್ತಿಗೆ ಒಂದು ಸೆಕೆಂಡು ಉಳಿಸಿಕೊಟ್ಟಾಗ ಆ ನಷ್ಟ ತುಂಬಲು 22 ಸುತ್ತು ಬೇಕು. ಓಟದಲ್ಲಿ ಅಷ್ಟು ಸುತ್ತು ಉಳಿದಿದೆಯೇ, ಪಿಟ್‌ನಿಂದ ಹೊರಬಂದಾಗ ಮುಂದೆ ನಿಧಾನದ ಕಾರು ಅಡ್ಡ ಸಿಗುತ್ತದೆಯೇ ಎಂಬುದರ ಮೇಲೆ ತೀರ್ಮಾನ ನಿಲ್ಲುತ್ತದೆ. ಎದುರಾಳಿಗಿಂತ ಒಂದೆರಡು ಸುತ್ತು ಮೊದಲೇ ಪಿಟ್‌ಗೆ ಬಂದು, ಹೊಸ ಟೈರಿನ ವೇಗದಿಂದ ಅವನನ್ನು ಹಿಂದೆ ಹಾಕುವುದಕ್ಕೆ ಅಂಡರ್‌ಕಟ್ ಎಂಬ ಹೆಸರಿದೆ. ಇಂದಿನ ಎಷ್ಟೋ ಓಟಗಳಲ್ಲಿ ರಸ್ತೆಯ ಮೇಲೆ ದಾಟುವುದಕ್ಕಿಂತ ಹೀಗೆ ದಾಟುವುದು ಸುಲಭ.

ನಿಯಮವಿಲ್ಲದ ಕಾಲದಲ್ಲೂ ಈ ಲೆಕ್ಕ ಗೊತ್ತಿದ್ದವರಿದ್ದರು. 1958ರ ಜನವರಿ 19ರಂದು ಬ್ಯೂನಸ್ ಐರಿಸ್‌ನಲ್ಲಿ ನಡೆದ ಅರ್ಜೆಂಟೀನಾ ಓಟಕ್ಕೆ ಸ್ಟರ್ಲಿಂಗ್ ಮಾಸ್ ಸಣ್ಣ ಕೂಪರ್ ಕಾರಿನಲ್ಲಿ ಇಳಿದರು. ಆ ಕಾರಿನ ಚಕ್ರಗಳನ್ನು ನಾಲ್ಕು ನಾಲ್ಕು ಬೋಲ್ಟ್ ಬಿಚ್ಚಿ ತೆಗೆಯಬೇಕಿತ್ತು. ಟೈರ್ ಬದಲಿಸಲು ನಿಂತರೆ ಗೆಲುವಿನ ಆಸೆ ಬಿಟ್ಟಂತೆಯೇ. ಮೆಕ್ಯಾನಿಕ್‌ಗಳು ಮಾತ್ರ ಹೊಸ ಟೈರ್ ಹಿಡಿದು ಪಿಟ್‌ನಲ್ಲಿ ಕಾಯುವಂತೆ ನಟಿಸಿದರು. ಮಾಸ್ ಹೇಗೂ ನಿಲ್ಲುತ್ತಾರೆಂದು ಫೆರಾರಿ ತಂಡ ನಂಬಿ ಅವಸರ ಮಾಡಲಿಲ್ಲ. ಮಾಸ್ ನಿಲ್ಲಲೇ ಇಲ್ಲ. ರಬ್ಬರು ಸವೆದು ಒಳಗಿನ ಬಟ್ಟೆ ಕಾಣುವ ಸ್ಥಿತಿಯಲ್ಲಿ 2.7 ಸೆಕೆಂಡು ಅಂತರದಿಂದ ಗೆದ್ದರು.

1971ರಲ್ಲಿ ಗೆರೆಯಿಲ್ಲದ ನುಣುಪು ಟೈರ್, ಅಂದರೆ ಸ್ಲಿಕ್, ಫಾರ್ಮುಲಾ ಒನ್‌ಗೆ ಬಂತು. 1970ರ ದಶಕದ ಕೊನೆಗೆ ಮಿಷೆಲಿನ್ ತಂದ ರೇಡಿಯಲ್ ಟೈರ್ ಗುಡ್‌ಇಯರ್‌ಗೆ ಪೈಪೋಟಿಯಾಯಿತು. 1982ರಲ್ಲಿ ಬ್ರಾಬಮ್ ತಂಡದ ವಿನ್ಯಾಸಕಾರ ಗಾರ್ಡನ್ ಮರ್ರಿ ಹೊಸದೊಂದು ಯೋಚನೆ ಮಾಡಿದರು: ಅರ್ಧ ಟ್ಯಾಂಕ್ ಪೆಟ್ರೋಲಿನ ಹಗುರ ಕಾರು, ಮೆತ್ತನೆಯ ಟೈರ್, ನಡುವೆ ಒಮ್ಮೆ ನಿಲುಗಡೆ. ಹೊಸ ಟೈರ್ ತಣ್ಣಗಿದ್ದರೆ ಹಿಡಿತ ಸಿಗದೆಂದು ಅವುಗಳನ್ನು ಮೊದಲೇ ಬಿಸಿಮಾಡುವ ವ್ಯವಸ್ಥೆಯೂ ಬಂತು. ಓಟದ ನಡುವೆ ಇಂಧನ ತುಂಬುವುದನ್ನು 1984ರಲ್ಲಿ ನಿಷೇಧಿಸಿ, 1994ರಲ್ಲಿ ಮತ್ತೆ ಬಿಟ್ಟು, 2010ರಲ್ಲಿ ಪುನಃ ನಿಲ್ಲಿಸಲಾಯಿತು. 1998ರಿಂದ 2008ರವರೆಗೆ ತಿರುವಿನ ವೇಗ ಇಳಿಸಲೆಂದು ಗೀರು ಹಾಕಿದ ಟೈರ್‌ಗಳನ್ನೇ ಬಳಸಬೇಕಾಗಿತ್ತು.

ಟೈರ್ ನಿಯಮದ ಕಟು ಪರಿಣಾಮ ಜಗತ್ತಿಗೆ ಕಂಡದ್ದು 2005ರಲ್ಲಿ. ಆ ವರ್ಷ, ಆರಂಭದ ಸ್ಥಾನ ತೀರ್ಮಾನಿಸುವ ಅರ್ಹತಾ ಸುತ್ತಿಗೂ ಇಡೀ ಓಟಕ್ಕೂ ಒಂದೇ ಸೆಟ್ ಟೈರ್ ಎಂಬ ನಿಯಮ ಬಂತು. ಪಂಕ್ಚರ್, ಹಾನಿ ಅಥವಾ ಮಳೆ ಇದ್ದರಷ್ಟೇ ಬದಲಾವಣೆಗೆ ಅವಕಾಶ. ಯೂರೋಪಿಯನ್ ಓಟದಲ್ಲಿ ಮುಂದಿದ್ದ ಕಿಮಿ ರೈಕೋನೆನ್ ಅವರ ಮುಂದಿನ ಬಲ ಟೈರ್ ಒಂದು ಕಡೆ ಸವೆದು ಚಪ್ಪಟೆಯಾಗಿ ಅದುರತೊಡಗಿತು. ಬದಲಿಸದೆ ಓಡಿಸಿದ ಕಾರಿನ ಸಸ್ಪೆನ್ಷನ್ ಕೊನೆಯ ಸುತ್ತಿನಲ್ಲಿ ಮುರಿದು ಗೆಲುವು ಫೆರ್ನಾಂಡೊ ಅಲೊನ್ಸೊ ಪಾಲಾಯಿತು. ಜೂನ್ 19ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಇದಕ್ಕಿಂತ ದೊಡ್ಡದು ನಡೆಯಿತು. ಅಲ್ಲಿನ ಇಳಿಜಾರು ತಿರುವಿನ ಒತ್ತಡವನ್ನು ತನ್ನ ಟೈರ್ ತಾಳದೆಂದು ಮಿಷೆಲಿನ್ ಒಪ್ಪಿಕೊಂಡಿತು. ಬೇರೆ ಟೈರ್ ತರಿಸಲು ನಿಯಮ ಅಡ್ಡಬಂತು, ತಿರುವಿಗೆ ತಡೆ ಹಾಕುವ ಸಲಹೆಯನ್ನು ಆಡಳಿತ ಸಂಸ್ಥೆ ಒಪ್ಪಲಿಲ್ಲ. ಮಿಷೆಲಿನ್‌ನ 14 ಕಾರುಗಳೂ ಆರಂಭಕ್ಕೆ ಮುನ್ನವೇ ಪಿಟ್‌ಗೆ ಹಿಂತಿರುಗಿದವು. ಓಡಿದ್ದು ಬ್ರಿಜ್‌ಸ್ಟೋನ್ ಟೈರಿನ ಆರೇ ಕಾರು. ಅವುಗಳಲ್ಲಿ ಜೋರ್ಡಾನ್ ತಂಡದ ನರೇನ್ ಕಾರ್ತಿಕೇಯನ್ ನಾಲ್ಕನೆಯವರಾಗಿ ಮುಗಿಸಿ, ಫಾರ್ಮುಲಾ ಒನ್‌ನಲ್ಲಿ ಅಂಕ ಗಳಿಸಿದ ಮೊದಲ ಭಾರತೀಯರಾದರು. ಟೈರ್ ಬದಲಿಸಬಾರದೆಂಬ ನಿಯಮ ಒಂದೇ ವರ್ಷಕ್ಕೆ ಮುಗಿಯಿತು. ಮುಗಿಯಬೇಕಾದದ್ದೇ, ಏಕೆಂದರೆ ಅಪಾಯ ಕಂಡಾಗ ನಿಲ್ಲಲು ಚಾಲಕನಿಗೆ ಸುಲಭವಾಗಿ ದಾರಿ ಬಿಡದ ನಿಯಮ ಆಟದ ನಿಯಮವಾಗಲಾರದು.

ಅದೇ ಜೋರ್ಡಾನ್ ತಂಡ ಮಿಡ್‌ಲ್ಯಾಂಡ್ ಆಗಿ, ಸ್ಪೈಕರ್ ಆಗಿ, 2007ರ ಕೊನೆಯಲ್ಲಿ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಮತ್ತು ಡಚ್ ಉದ್ಯಮಿ ಮಿಖಿಯಲ್ ಮೊಲ್ ಅವರ ಕೈಗೆ ಬಂದು ಫೋರ್ಸ್ ಇಂಡಿಯಾ ಆಯಿತು. ಮಲ್ಯ ಅವರಿಗೆ ಓಟ ಹೊಸದಲ್ಲ. 1980ರ ದಶಕದಲ್ಲಿ ಮದ್ರಾಸ್ ಬಳಿಯ ಶೋಲಾವರಂ ವಿಮಾನ ಪಟ್ಟಿಯಲ್ಲಿ ಎನ್‌ಸೈನ್ ಕಂಪನಿಯ ಹಳೆಯ ಫಾರ್ಮುಲಾ ಒನ್ ಕಾರನ್ನು ಅವರೇ ಓಡಿಸಿದ್ದರು. ತಂಡದ ಕಾರ್ಖಾನೆ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲೇ ಉಳಿಯಿತು. ಕೆಲಸಗಾರರು ಸುಮಾರು 400 ಮಂದಿ, ದೊಡ್ಡ ತಂಡಗಳಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು. 2008ರಲ್ಲಿ ಒಂದು ಅಂಕವೂ ಬರಲಿಲ್ಲ. 2009ರಲ್ಲಿ ಸ್ಲಿಕ್ ಮರಳಿ ಬಂತು. ಆ ವರ್ಷ ಬೆಲ್ಜಿಯಂನ ಸ್ಪಾದಲ್ಲಿ ತಂಡದ ಜಿಯಾಂಕಾರ್ಲೊ ಫಿಸಿಕೆಲ್ಲಾ ಮೊದಲ ಸ್ಥಾನದಿಂದ ಹೊರಟು ಎರಡನೆಯವರಾದರು.

ತಂಡ ಕಾಲಿಟ್ಟ ಹೊತ್ತಿಗೆ ಟೈರ್ ಪೈಪೋಟಿ ಮುಗಿದಿತ್ತು. 2007ರಿಂದ ಎಲ್ಲರಿಗೂ ಬ್ರಿಜ್‌ಸ್ಟೋನ್ ಒಂದೇ ಪೂರೈಕೆದಾರ. ಒಂದೇ ಟೈರ್ ಆದರೆ ಓಟ ಸಪ್ಪೆಯಾಗುತ್ತದೆಂದು ಹೊಸ ನಿಯಮ ಸೇರಿಸಲಾಯಿತು: ಒಣ ಓಟದಲ್ಲಿ ಮೆತ್ತನೆಯದು, ಗಟ್ಟಿಯದು ಎರಡನ್ನೂ ಪ್ರತಿ ಚಾಲಕ ಬಳಸಲೇಬೇಕು. ಇಂದಿಗೂ ಜಾರಿಯಲ್ಲಿರುವ ಈ ನಿಯಮವೇ ಪ್ರತಿ ಒಣ ಓಟದಲ್ಲಿ ಕನಿಷ್ಠ ಒಂದು ನಿಲುಗಡೆಯನ್ನು ಕಡ್ಡಾಯ ಮಾಡಿತು. 2010ರಲ್ಲಿ ಇಂಧನ ತುಂಬುವುದು ನಿಂತ ಮೇಲೆ ಟೈರ್ ಒಂದೇ ನಿಲುಗಡೆಗೆ ಕಾರಣವಾಗಿ ಉಳಿಯಿತು. ಆ ವರ್ಷ ಮಾಂಟ್ರಿಯಲ್‌ನಲ್ಲಿ ಟೈರ್ ಬೇಗ ಸವೆದು ಓಟ ರೋಚಕವಾಯಿತು. 2011ರಲ್ಲಿ ಬಂದ ಪಿರೆಲಿಗೆ ಅಂಥದ್ದೇ ಟೈರ್ ಮಾಡಲು ಹೇಳಲಾಯಿತು. ಜೊತೆಗೆ, ಅರ್ಹತೆಯ ಕೊನೆಯ ಹಂತ ತಲುಪಿದ ಹತ್ತು ಮಂದಿ ಅಲ್ಲಿ ಬಳಸಿದ ಟೈರಿನಲ್ಲೇ ಓಟ ಆರಂಭಿಸಬೇಕೆಂಬ ಕಟ್ಟಳೆ ಇತ್ತು. ಹನ್ನೊಂದನೆಯವನಿಗೆ ಹೊಸ ಟೈರ್ ಆರಿಸುವ ಹಕ್ಕು. ಹೀಗಾಗಿ ಹತ್ತನೆಯ ಸ್ಥಾನಕ್ಕಿಂತ ಹನ್ನೊಂದನೆಯದೇ ಮೇಲೆನಿಸುವ ಸಂದರ್ಭಗಳು ಬಂದವು.

2013ರಲ್ಲಿ ಪಿರೆಲಿ ಟೈರ್ ಇನ್ನೂ ನಾಜೂಕಾಯಿತು. ಸ್ಪೇನ್‌ನಲ್ಲಿ ಅಲೊನ್ಸೊ ನಾಲ್ಕು ಬಾರಿ ನಿಂತು ಗೆದ್ದರು. ದೊಡ್ಡ ತಂಡಗಳು ಕಂಗೆಟ್ಟಾಗ ಫೋರ್ಸ್ ಇಂಡಿಯಾದ ಕಾರು ಟೈರನ್ನು ಮೃದುವಾಗಿ ನಡೆಸಿಕೊಂಡಿತು. ಬಹ್ರೇನ್‌ನಲ್ಲಿ ಪಾಲ್ ಡಿ ರೆಸ್ಟಾ ಎರಡೇ ನಿಲುಗಡೆಯಲ್ಲಿ ನಾಲ್ಕನೆಯವರಾದರು. ಕೆನಡಾದಲ್ಲಿ 17ನೇ ಸ್ಥಾನದಿಂದ ಹೊರಟ ಅವರು 70 ಸುತ್ತಿನ ಓಟದಲ್ಲಿ ಮೊದಲ ಸೆಟ್ಟನ್ನೇ 57 ಸುತ್ತು ಓಡಿಸಿ, ಒಮ್ಮೆ ಮಾತ್ರ ನಿಂತು ಏಳನೆಯವರಾದರು. ಎಂಟು ಓಟ ಮುಗಿದಾಗ ತಂಡದ ಖಾತೆಯಲ್ಲಿ 59 ಅಂಕವಿತ್ತು, ಮೆಕ್‌ಲಾರೆನ್ ಹಿಂದಿತ್ತು. ಆ ಎಂಟನೆಯ ಓಟವೇ ಜೂನ್ 30ರ ಬ್ರಿಟಿಷ್ ಗ್ರ್ಯಾಂಡ್ ಪ್ರೀ. ಲೂಯಿಸ್ ಹ್ಯಾಮಿಲ್ಟನ್, ಫೆಲಿಪೆ ಮಾಸಾ ಮೊದಲಾದವರ ಹಿಂದಿನ ಟೈರ್‌ಗಳು ಓಡುವಾಗಲೇ ಸಿಡಿದವು. ಸುರಕ್ಷತೆಗಾಗಿ ಹಂಗರಿ ಓಟದಿಂದ ಟೈರಿನ 2012ರ ಒಳಕಟ್ಟಿಗೆ ಮರಳಲಾಯಿತು. ಅಗತ್ಯದ ತೀರ್ಮಾನವೇ ಅದು, ಆದರೆ ಅದರ ಬೆಲೆ ತೆತ್ತವರಲ್ಲಿ ಫೋರ್ಸ್ ಇಂಡಿಯಾ ಮುಂದಿತ್ತು. 2013ರ ಟೈರಿಗೆ ಹೊಂದಿಸಿ ಕಟ್ಟಿದ ಕಾರು ಬದಲಾದ ಟೈರಿಗೆ ಒಗ್ಗಲಿಲ್ಲ. ಉಳಿದ 11 ಓಟಗಳಲ್ಲಿ ಸಿಕ್ಕದ್ದು 18 ಅಂಕ. ತಂಡ ಆರನೆಯ ಸ್ಥಾನಕ್ಕಿಳಿಯಿತು. ಆ ವರ್ಷ ಗ್ರೇಟರ್ ನೋಯ್ಡಾದ ಬುದ್ಧ ಸರ್ಕಿಟ್‌ನಲ್ಲಿ ನಡೆದ ಕೊನೆಯ ಭಾರತೀಯ ಓಟದಲ್ಲಿ ಸೆಬಾಸ್ಟಿಯನ್ ವೆಟ್ಟೆಲ್ ಎರಡನೆಯ ಸುತ್ತಿಗೇ ಮೆತ್ತನೆಯ ಟೈರ್ ಕಳಚಿ ಗೆದ್ದರು. ಫೋರ್ಸ್ ಇಂಡಿಯಾದ ಆಡ್ರಿಯನ್ ಸುಟಿಲ್ ಒಂದೇ ನಿಲುಗಡೆಯಲ್ಲಿ ಒಂಬತ್ತನೆಯವರಾದರು.

2014ರಲ್ಲಿ ಮೆಕ್ಸಿಕೋದ ಸೆರ್ಗಿಯೊ ಪೆರೆಜ್ ತಂಡ ಸೇರಿದರು. ಟೈರ್ ಕಾಪಾಡುವುದರಲ್ಲಿ ಅವರ ಕಾಲದಲ್ಲಿ ಅವರಿಗೆ ಸಮನಾದವರು ವಿರಳ. 2015ರಲ್ಲಿ ರಷ್ಯದ ಸೋಚಿಯಲ್ಲಿ, ಅಪಘಾತವಾದಾಗ ಎಲ್ಲರ ವೇಗ ತಗ್ಗಿಸುವ ಸೇಫ್ಟಿ ಕಾರ್ ಬಂದಾಗ 12ನೇ ಸುತ್ತಿಗೇ ಟೈರ್ ಬದಲಿಸಿ, ಉಳಿದ 41 ಸುತ್ತನ್ನು ಅದೇ ಸೆಟ್ಟಿನಲ್ಲಿ ಓಡಿಸಿ ಮೂರನೆಯವರಾದರು. 2016ರಲ್ಲಿ ನಿಯಮ ಸ್ವಲ್ಪ ಸಡಿಲವಾಯಿತು. ಪ್ರತಿ ಓಟಕ್ಕೆ ಮೂರು ಬಗೆಯ ಟೈರ್, ಚಾಲಕನಿಗೆ 13 ಸೆಟ್, ಅದರಲ್ಲಿ 10 ಅವನ ತಂಡದ ಆಯ್ಕೆ. ದೂರದ ದೇಶಗಳ ಓಟಕ್ಕೆ ಈ ಆಯ್ಕೆಯನ್ನು 14 ವಾರ ಮೊದಲೇ ತಿಳಿಸಬೇಕಿತ್ತು. ಹವೆ ಹೇಗಿರುತ್ತದೋ, ಕಾರು ಅಷ್ಟರಲ್ಲಿ ಎಷ್ಟು ಬದಲಾಗುತ್ತದೋ ಗೊತ್ತಿಲ್ಲದೆ ಮಾಡುವ ಲೆಕ್ಕವದು. ಪೆರೆಜ್ ಆ ವರ್ಷ ಮೊನಾಕೊ ಮತ್ತು ಬಾಕುವಿನಲ್ಲಿ ಮೂರನೆಯವರಾದರು. ಮೊನಾಕೊದಲ್ಲಿ ಒದ್ದೆ ರಸ್ತೆ ಒಣಗುತ್ತಿದ್ದಾಗ ಟೈರ್ ಬದಲಿಸಿದ ಹೊತ್ತು ಸರಿಯಾಗಿದ್ದುದೇ ಕಾರಣ. ಫೋರ್ಸ್ ಇಂಡಿಯಾ 2016ರಲ್ಲಿ 173, 2017ರಲ್ಲಿ 187 ಅಂಕದೊಡನೆ ಎರಡು ವರ್ಷವೂ ನಾಲ್ಕನೆಯ ಸ್ಥಾನ ಪಡೆಯಿತು. ಅಷ್ಟು ಕಡಿಮೆ ಹಣದಲ್ಲಿ ಇದು ಅಸಾಮಾನ್ಯ ಸಾಧನೆ. 2018ರ ಜುಲೈನಲ್ಲಿ ಸಾಲದ ಹೊರೆಯಿಂದ ತಂಡ ಆಡಳಿತಾಧಿಕಾರಿಗಳ ಕೈಸೇರಿ, ಲಾರೆನ್ಸ್ ಸ್ಟ್ರೋಲ್ ಗುಂಪಿಗೆ ಮಾರಾಟವಾಯಿತು. 2021ರಿಂದ ಅದು ಆಸ್ಟನ್ ಮಾರ್ಟಿನ್.

ಆಮೇಲೆ ಆಯ್ಕೆ ಕಿರಿದಾಗುತ್ತ ಬಂತು. 2020ರಿಂದ ಎಲ್ಲ ಚಾಲಕರಿಗೂ ಒಂದೇ ಹಂಚಿಕೆ. 2022ರಲ್ಲಿ 18 ಇಂಚಿನ ಚಕ್ರ ಬಂತು, ಹತ್ತು ಮಂದಿಯ ಕಟ್ಟಳೆ ಹೋಯಿತು. ದಾಟಲು ಜಾಗವಿಲ್ಲದ ಮೊನಾಕೊದಲ್ಲಿ 2025ರ ಮೇ 25ರಂದು ಎರಡು ನಿಲುಗಡೆ ಕಡ್ಡಾಯ ಮಾಡಿದರು. ಪರಿಣಾಮ ಬೇರೆಯೇ ಆಯಿತು: ಕೆಲವು ತಂಡಗಳು ಒಬ್ಬ ಚಾಲಕನನ್ನು ಬೇಕೆಂದೇ ನಿಧಾನಗೊಳಿಸಿ ಹಿಂದಿನವರನ್ನು ತಡೆದು, ಇನ್ನೊಬ್ಬನಿಗೆ ಪಿಟ್‌ಗೆ ಹೋಗಿಬರಲು ಸಮಯ ಮಾಡಿಕೊಟ್ಟವು. ಅದೇ ವರ್ಷ ಕತಾರ್‌ನಲ್ಲಿ ಒಂದು ಸೆಟ್‌ಗೆ 25 ಸುತ್ತಿನ ಮಿತಿ ಹಾಕಲಾಯಿತು. ಓಟ 57 ಸುತ್ತಿನದು. ಏಳನೇ ಸುತ್ತಿನಲ್ಲಿ ಸೇಫ್ಟಿ ಕಾರ್ ಬಂದಾಗ ಮೆಕ್‌ಲಾರೆನ್ ಹೊರತು ಬಹುತೇಕ ಎಲ್ಲರೂ ಪಿಟ್‌ಗೆ ಹೋದರು, ಗೆಲುವು ಮ್ಯಾಕ್ಸ್ ವರ್ಸ್ಟಾಪೆನ್‌ಗೆ ಹೋಯಿತು. ನಿಯಮ ಬಿಗಿಯಾದಷ್ಟೂ ಜಾಣತನ ತೋರುವ ಜಾಗ ಕಿರಿದಾಗುತ್ತದೆ, ಒಂದು ತಪ್ಪಿನ ಬೆಲೆ ಹೆಚ್ಚುತ್ತದೆ.

ಭಾರತದೊಳಗಿನ ಓಟಗಳಲ್ಲಿ ಈ ಆಯ್ಕೆಯ ಪ್ರಶ್ನೆ ಹೆಚ್ಚು ಏಳುವುದಿಲ್ಲ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳು ಎಂ.ಆರ್.ಎಫ್. ಇಲ್ಲವೇ ಜೆ.ಕೆ. ಟೈರ್ ಹೆಸರಿನಲ್ಲಿ, ಆಯಾ ಕಂಪನಿಯ ಟೈರಿನಲ್ಲೇ ನಡೆಯುತ್ತ ಬಂದಿವೆ. ಮೈಸೂರಿನಲ್ಲಿ ವಿಕ್ರಾಂತ್ ಟೈರ್ಸ್ ಕಾರ್ಖಾನೆ ಇತ್ತು. 1997ರಲ್ಲಿ ಅದನ್ನು ಜೆ.ಕೆ. ಟೈರ್ ಕೊಂಡಿತು, ಕಂಪನಿಯ ಸಂಶೋಧನಾ ಕೇಂದ್ರವೂ ಇಂದು ಮೈಸೂರಿನಲ್ಲಿದೆ. ಹೀಗೆ ಒಂದೇ ಕಂಪನಿಯ ಟೈರಿನ ದೇಶೀಯ ಓಟದಲ್ಲಿ ಬೆಳೆದ ಚಾಲಕ ಟೈರ್ ಆರಿಸುವ ಕಲೆಯನ್ನು ಹೊರದೇಶದಲ್ಲೇ ಕಲಿಯಬೇಕು. ಫಾರ್ಮುಲಾ ಒನ್‌ಗಿಂತ ಒಂದು ಹಂತ ಕೆಳಗಿನ ಫಾರ್ಮುಲಾ ಟೂನಲ್ಲಿ ವಾರಾಂತ್ಯದ ಸಣ್ಣ ಓಟಕ್ಕೆ ನಿಲುಗಡೆ ಕಡ್ಡಾಯವಲ್ಲ, ದೊಡ್ಡ ಓಟಕ್ಕೆ ಎರಡು ಬಗೆಯ ಟೈರ್ ಕಡ್ಡಾಯ. 2025ರ ಮೇ 24ರಂದು ಮೊನಾಕೊದ ಸಣ್ಣ ಓಟದಲ್ಲಿ ಬೆಂಗಳೂರಿನ ಕುಶ್ ಮೈನಿ ಮೊದಲಿಂದ ಕೊನೆಯವರೆಗೂ ಮುಂದಿದ್ದು, ಅಲ್ಲಿ ಫಾರ್ಮುಲಾ ಟೂ ಗೆದ್ದ ಮೊದಲ ಭಾರತೀಯರಾದರು.