ಮರಿ ಬಿಡಿಸಿದ ಮೇಲೆ ತಾಯಿಕುದುರೆ

ದನ, ಎಮ್ಮೆ, ಕುರಿಗಳ ಮಾತನ್ನು ಆಗಾಗ ಆಡುತ್ತಲೇ ಇರುತ್ತೇವೆ. ಈ ದಿನ ಕುದುರೆಯ ಮಾತು. "ನಮಗ್ಯಾಕಪ್ಪಾ ಕುದುರೆ ಸುದ್ದಿ?" ಅನ್ನಬೇಡಿ. ಹಿಂಡಿನ ಜೊತೆ ಊರೂರು ತಿರುಗುವ ಕುರಿಗಾಹಿಗಳ ಗಂಟುಮೂಟೆ ಹೊರಲು ಈಗಲೂ ಕುದುರೆ ಬೇಕು.

ಹಿಂದೆ ನಮ್ಮ ಸೀಮೆಗೆ ಒಳ್ಳೆಯ ಕುದುರೆ ಬರುತ್ತಿದ್ದುದು ಸಮುದ್ರದ ಮೇಲೆ. ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ಭಟ್ಕಳದಂಥ ರೇವುಗಳಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. ಅದಕ್ಕೂ ಮೊದಲು, 13ನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದ ಮಾರ್ಕೊ ಪೋಲೊ, ಅಲ್ಲಿ ಎಷ್ಟು ಕುದುರೆ ಕೊಂಡರೂ ಆರೈಕೆ ಬಲ್ಲವರಿಲ್ಲದೆ ಸಾಯುತ್ತವೆ, ಅಲ್ಲೇ ಹುಟ್ಟಿದ ಮರಿಗಳು ಸೊಟ್ಟಗಾಲಿನ ಬಡಕಲುಗಳು ಎಂದು ಬರೆದಿಟ್ಟ. ಬೆಂದ ಅನ್ನಕ್ಕೆ ಮಾಂಸ ಬೆರೆಸಿ ತಿನ್ನಿಸುತ್ತಿದ್ದರಂತೆ! ಹುಲ್ಲು ತಿನ್ನುವ ಜೀವಕ್ಕೆ ಅದು ಒಗ್ಗೀತೆ?

ಮೈಸೂರು ಸಂಸ್ಥಾನವು 4,000 ಸವಾರರನ್ನು ಇಟ್ಟಿರಬೇಕೆಂದು 1807ರ ಒಪ್ಪಂದದಲ್ಲಿ ಗೊತ್ತಾಯಿತು. ಸಿಲ್ಲೇದಾರನೆಂದರೆ ಸ್ವಂತ ಕುದುರೆ ತಂದು ಚಾಕರಿ ಮಾಡುವವನು. ಕುದುರೆ ಸತ್ತರೆ ನಷ್ಟ ಅವನ ಮನೆಗೇ. ಈ ದಳಕ್ಕಾಗಿ ಕುಣಿಗಲ್ಲಿನಲ್ಲಿ ಕುದುರೆಗಳನ್ನು ಬೆಳೆಸುತ್ತಿದ್ದರು. ಆಗಿನ ಮೇವು ಏನು? ನಮ್ಮ ಹೊಲದ ಗರಿಕೆ ಹುಲ್ಲು, ಬೇಯಿಸಿ ಆರಿಸಿದ ಹುರುಳಿ. ಇಂಗ್ಲಿಷರು ಹುರುಳಿಗೆ ಕುದುರೆಕಾಳು ಎಂಬರ್ಥದ ಹೆಸರನ್ನೇ ಇಟ್ಟರು.

ಆದರೆ ಹುರುಳಿ ಒಳ್ಳೆಯದೆಂದು ಎಲ್ಲ ಕಾಲದಲ್ಲೂ ಒಂದೇ ಸಮ ಹಾಕಬಾರದು. ಇದನ್ನು ನಾನು ಪೆಟ್ಟು ತಿಂದು ಕಲಿತೆ.

ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸದು. ಒಂದು ಕುರಿಗಾಹಿ ಕುಟುಂಬದವರು ಐದು ತಿಂಗಳ ಮರಿಯನ್ನು ತಾಯಿಯಿಂದ ಬಿಡಿಸಿದ್ದರು. "ಮರಿ ಅಗಲಿದ ಸಂಕಟದಾಗೆ ಐತೆ ಸ್ವಾಮಿ, ಎಲ್ಡು ಹಿಡಿ ಹುರುಳಿ ಜಾಸ್ತಿ ಹಾಕ್ತಿದೀವಿ" ಅಂದಳು ಮನೆಯ ಅಜ್ಜಿ. ಕೆಚ್ಚಲು ಬಿಗಿದಿತ್ತು. ನಾನು ಹಸುವಿನ ಲೆಕ್ಕದಲ್ಲಿ, "ದಿನಾ ಹಿಂಡಿಬಿಡಿ ಅಜ್ಜಿ" ಅಂದೆ. ಹಿಂಡಿದಷ್ಟೂ ಹಾಲು ಇಳಿಯಿತು. ನಾಲ್ಕನೆಯ ದಿನ ಕೆಚ್ಚಲು ಕಲ್ಲಾಗಿ ಜ್ವರ ಬಂತು. ಪಶುವೈದ್ಯರು ಬಂದು ಜೀವ ಉಳಿಸಿದರು. ಕುದುರೆಗೆ ಇರುವುದು ಎರಡೇ ಮೊಲೆ; ಅದರಲ್ಲಿ ಒಂದು ಬತ್ತಿಹೋಯಿತು. ಮುಂದಿನ ಮರಿ ಅರೆಹೊಟ್ಟೆಯಲ್ಲಿ ಬೆಳೆಯಿತು. ಅಜ್ಜಿ ನನ್ನನ್ನು ಬೈಯಲಿಲ್ಲ. ತಪ್ಪು ಮಾತ್ರ ನನ್ನದೇ.

ಸರಿಯಾದ ಕ್ರಮ ಹೀಗೆ. ಮರಿ ಬಿಡಿಸುವ ವಾರಕ್ಕೆ ಮೊದಲೇ ತಾಯಿಯ ಕಾಳು, ಬೂಸಾ ಕಡಿಮೆ ಮಾಡುತ್ತ ಬಂದು ನಿಲ್ಲಿಸಿ. ಒಣಹುಲ್ಲು, ಉಪ್ಪು ಇರಲಿ. ನೀರನ್ನು ಮಾತ್ರ ಎಂದೂ ಕಡಿಮೆ ಮಾಡಬೇಡಿ. ಮರಿಯ ಕೂಗು ಕೇಳದಷ್ಟು ದೂರ ಕಟ್ಟಿ, ದಿನವೂ ಸ್ವಲ್ಪ ನಡೆದಾಡಿಸಿ. ಕೆಚ್ಚಲು ಬಿಗಿದರೂ ಹಿಂಡಬೇಡಿ. ಹಾಲು ಒಳಗೇ ನಿಂತರೆ ಮೈಯೇ ಹೊಸ ಹಾಲು ಕಟ್ಟುವುದನ್ನು ನಿಲ್ಲಿಸುತ್ತದೆ. ಸುಮಾರು 10 ದಿನದಲ್ಲಿ ಕೆಚ್ಚಲು ಸಡಿಲವಾಗುತ್ತದೆ. ಮುಟ್ಟಿದರೆ ಬಿಸಿ, ನೋವು, ಜ್ವರ ಕಂಡರೆ ತಡಮಾಡದೆ ವೈದ್ಯರನ್ನು ಕರೆಸಿ.

ಕೆಚ್ಚಲು ಇಳಿದ ಮೇಲೆ ಪಕ್ಕೆಯ ಮೇಲೆ ಕೈಯಾಡಿಸಿ. ಎಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು. ಬಡಕಲಾಗಿದ್ದರೆ ಬೆಂದ ಹುರುಳಿಯನ್ನು ಮತ್ತೆ ಹಿಡಿಹಿಡಿಯಾಗಿ ಏರಿಸಿ. ಒಮ್ಮೆಗೇ ಸುರಿದರೆ ಹೊಟ್ಟೆಶೂಲೆ ಬಂದೀತು. ಜಂತುಹುಳುವಿನ ಔಷಧಿ, ಗೊರಸು ಕತ್ತರಿಸುವುದು, ಧನುರ್ವಾಯು ಚುಚ್ಚುಮದ್ದು, ಇವಕ್ಕೂ ಇದೇ ಸಮಯ.

ಮರಿ ಬಿಡಿಸುವ ಹೊತ್ತಿಗೆ ತಾಯಿ ಮತ್ತೆ ಗಬ್ಬವಾಗಿರುವುದೂ ಉಂಟು. ಕುದುರೆಯ ಗಬ್ಬ ಸುಮಾರು 11 ತಿಂಗಳು. ಹೊಟ್ಟೆಯ ಮರಿ ಹೆಚ್ಚಾಗಿ ಬೆಳೆಯುವುದು ಕೊನೆಯ 3 ತಿಂಗಳಲ್ಲಿ. ಹೆಚ್ಚಿನ ಕಾಳು ಆಗ ಬೇಕು. ಈಗ ಸುರಿದ ಹುರುಳಿ ಕೊಬ್ಬಾಗುತ್ತದೆ. ಆಗ ಹಾಕಿದ್ದು ಮರಿಯಾಗುತ್ತದೆ.

ಸಿಲ್ಲೇದಾರನಿಗೆ ಕುದುರೆಯೇ ಆಸ್ತಿಯಾಗಿತ್ತು. ನಿಮ್ಮಲ್ಲಿ ಹೆಣ್ಣುಗುದುರೆ ಇದ್ದವರಿಗೂ ಅದೇ ಮಾತು. ಮರಿ ಅಗಲಿದ ತಾಯಿಯ ಮೇಲೆ ಕನಿಕರ ಇರಲಿ. ಆ ಕನಿಕರವನ್ನು ಹತ್ತು ದಿನ ಹುರುಳಿಯಲ್ಲಿ ತೋರಿಸಬೇಡಿ, ಮೈ ತಿಕ್ಕುವುದರಲ್ಲಿ ತೋರಿಸಿ.