ಬಿರುದುಬಾವಲಿಗಳು: ತಾಳಿಕೋಟೆಯಿಂದ ಭಾರತರತ್ನದವರೆಗೆ

ತಾಳಿಕೋಟೆಯ ಹೆಸರನ್ನು ಕೇಳಿದೊಡನೆಯೇ ನಮ್ಮ ನೆನಪಿಗೆ ಬರುವುದು ೧೫೬೫ನೆಯ ಇಸವಿಯ ಜನವರಿ ತಿಂಗಳಲ್ಲಿ ನಡೆದ ಘೋರಯುದ್ಧ. ಡೋಣಿ ನದಿಯ ದಡದ ಈ ಊರಿನಲ್ಲಿ ಅದರ ಹಿಂದಿನ ಡಿಸೆಂಬರಿನಲ್ಲಿ ವಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರುಗಳ ಸೈನ್ಯಗಳು ಒಂದುಗೂಡಿದುವು. ಕಾದಾಟ ನಡೆದುದು ಇಲ್ಲಿಂದ ತೆಂಕಲಿಗೆ, ಕೃಷ್ಣೆಯ ಸಮೀಪದಲ್ಲಿ. ಆದುದರಿಂದಲೇ ರಕ್ಕಸಗಿ ತಂಗಡಗಿಗಳ ಹೆಸರೂ ಅದಕ್ಕೆ ಅಂಟಿಕೊಂಡಿದೆ. ಆ ಯುದ್ಧದ ವ್ಯೂಹಗಳನ್ನಾಗಲಿ ಸೋಲುಗೆಲವುಗಳ ಕಾರಣಗಳನ್ನಾಗಲಿ ನಾವು ಇಂದು ವಿವರಿಸಹೊರಟಿಲ್ಲ. ರಾಜ್ಯವೊಂದು ತನ್ನವರನ್ನು ಯಾವ ಕುರುಹುಗಳಿಂದ ಮನ್ನಿಸುತ್ತದೆ, ಆ ಮನ್ನಣೆಗೆ ಬೆಲೆ ಬರುವುದು ಎಲ್ಲಿಂದ, ಎಂಬ ಪ್ರಶ್ನೆಯನ್ನು ಆ ರಣರಂಗದಿಂದಲೇ ಎತ್ತಿಕೊಂಡಿದ್ದೇವೆ.

ವಿಜಾಪುರದ ಆಸ್ಥಾನದಲ್ಲಿದ್ದು ಚರಿತ್ರೆಯನ್ನು ಬರೆದ ಫೆರಿಸ್ತನು ಒಂದು ದೃಶ್ಯವನ್ನು ಕೊಟ್ಟಿದ್ದಾನೆ. ಕಾಳಗವು ಬಿರುಸಾಗುತ್ತಲೇ ಅಳಿಯ ರಾಮರಾಯನು ಪಲ್ಲಕ್ಕಿಯಿಂದಿಳಿದು, ಮುತ್ತಿನ ಕುಚ್ಚುಗಳಿಂದ ಅಲಂಕರಿಸಿದ ಕೆಂಪು ಮಖಮಲ್ಲಿನ ಮೇಲ್ಕಟ್ಟಿನಡಿಯಲ್ಲಿ ರತ್ನಖಚಿತವಾದ ಪೀಠದ ಮೇಲೆ ಕುಳಿತನಂತೆ. ತನ್ನ ಸುತ್ತಲೂ ಹಣದ ರಾಶಿಗಳನ್ನೂ ಚಿನ್ನದ ಒಡವೆಗಳನ್ನೂ ಸುರಿಯಿಸಿ, ಪರಾಕ್ರಮವನ್ನು ತೋರಿದವರಿಗೆ ಅಲ್ಲಿಯೇ ಉಡುಗೊರೆಯೆಂದು ಸಾರಿಸಿದನಂತೆ. ಎಡಬಲದ ದಳಗಳು ಹುರುಪುಗೊಂಡು ಶತ್ರುಗಳನ್ನು ಹಿಮ್ಮೆಟ್ಟಿಸಿದುವು. ಆದರೆ ಅಹಮದನಗರದ ಫಿರಂಗಿಗಳು ಗುಂಡಿಗೆ ಬದಲಾಗಿ ತಾಮ್ರದ ನಾಣ್ಯಗಳನ್ನು ತುಂಬಿಕೊಂಡು ಹಾರಿಸಿದುವು. ಇತ್ತ ಬಹುಮಾನದ ಚಿನ್ನ, ಅತ್ತ ಮರಣದ ತಾಮ್ರ! ರಾಮರಾಯನು ಸೆರೆಯಾಗಿ ಅವನ ತಲೆ ಉರುಳಿದೊಡನೆಯೇ ಸೈನ್ಯವು ಚದರಿತು. ಫೆರಿಸ್ತನು ಯುದ್ಧವನ್ನು ಕಣ್ಣಾರೆ ಕಂಡವನಲ್ಲ. ಗೆದ್ದವರ ಪಕ್ಷದಲ್ಲಿದ್ದು ಬರೆದವನು. ಈ ಎಚ್ಚರವನ್ನಿಟ್ಟುಕೊಂಡೇ ನಾವು ಅವನ ಮಾತನ್ನು ಓದಬೇಕು.

ವಿಜಯನಗರದಲ್ಲಿ ಮನ್ನಣೆಗೆ ಒಂದು ಕ್ರಮವಿದ್ದಿತು. ಅಚ್ಯುತರಾಯನ ಕಾಲದಲ್ಲಿ ಅಲ್ಲಿನ ವೃತ್ತಾಂತವನ್ನು ಬರೆದ ಪೋರ್ಚುಗೀಸ್ ವರ್ತಕ ನೂನಿಜನು ಅದನ್ನು ವಿವರಿಸಿದ್ದಾನೆ. ಚಿನ್ನರತ್ನಗಳ ಕೆಲಸವುಳ್ಳ ಎರಡು ಬಿಳಿಯ ಚಾಮರಗಳನ್ನು ಕೊಡುವುದೇ ನಾಯಕನೊಬ್ಬನಿಗೆ ಅರಸನು ಮಾಡುವ ಅತ್ಯುನ್ನತ ಗೌರವ. ಜೊತೆಗೆ ಕೈಕಡಗಗಳೂ ಸಲ್ಲುವುವು. ಅರಸನ ಪಾದವನ್ನು ಮುಟ್ಟಿ ಮುದ್ದಿಡಲು ಅಪ್ಪಣೆ ದೊರೆಯುವುದೂ ಬಹು ದೊಡ್ಡ ಮರ್ಯಾದೆ. ಪ್ರತಿವರ್ಷವೂ ನಾಯಕರು ಕಂದಾಯವನ್ನು ಒಪ್ಪಿಸುವಾಗ ಅವರಿಗೆ ಮರ್ಯಾದೆಯ ಶಲ್ಯಗಳು ದೊರೆಯುತ್ತಿದ್ದುವು. ಇವಲ್ಲದೆ ಗಂಡಪೆಂಡಾರವೆಂಬ ಬಿರುದಿನ ಕಾಲಕಡಗವೂ ಇದ್ದಿತು. ಕೃಷ್ಣದೇವರಾಯನು ಅಲ್ಲಸಾನಿ ಪೆದ್ದನನಿಗೆ ಅದನ್ನು ತನ್ನ ಕೈಯಾರೆ ತೊಡಿಸಿದನೆಂಬ ಐತಿಹ್ಯ ಪ್ರಸಿದ್ಧವಾಗಿದೆ.

ಮತ್ತೊಂದು ಸಂಗತಿಯೂ ಗಮನಾರ್ಹವಾದುದು. ವಿಜಯನಗರದ ಸಭೆಯಲ್ಲಿ ಪ್ರತಿಷ್ಠೆಯ ಉಡುಪಾಗಿದ್ದ ಉದ್ದನೆಯ ಕಬಾಯಿಯೂ ಎತ್ತರದ ಕುಲ್ಲಾಯಿಯೂ ಮುಸಲ್ಮಾನ ಆಸ್ಥಾನಗಳ ರೂಢಿಯಿಂದ ಬಂದುವು. ಸುಲ್ತಾನರು ಖಿಲ್ಲತ್ತೆಂಬ ಉಡುಪನ್ನು ಕೊಟ್ಟಂತೆಯೇ ಕೃಷ್ಣದೇವರಾಯನು ತನ್ನನ್ನು ಕಾಣಬಂದ ಪೋರ್ಚುಗೀಸರ ಮುಖಂಡನಿಗೆ ಜರತಾರಿಯ ಕಬಾಯಿಯನ್ನೂ ಅದಕ್ಕೊಪ್ಪುವ ಟೊಪ್ಪಿಗೆಯನ್ನೂ ಕೊಟ್ಟುದನ್ನು ಪಾಯಸನು ಬರೆದಿದ್ದಾನೆ. ಕೃಷ್ಣೆಯ ಎರಡು ದಡಗಳಲ್ಲಿಯೂ ಮನ್ನಣೆಯ ಭಾಷೆ ಬಹುಮಟ್ಟಿಗೆ ಒಂದೇ ಆಗಿದ್ದಿತು. ಆದುದರಿಂದ ಅವಮಾನದ ಭಾಷೆಯೂ ಎರಡು ಕಡೆಯವರಿಗೂ ಚೆನ್ನಾಗಿ ತಿಳಿಯುತ್ತಿದ್ದಿತು.

ಇದಕ್ಕೆ ವೀಳ್ಯವೇ ಸಾಕ್ಷಿ. ರಣವೀಳ್ಯವೆಂಬ ಮಾತು ನಮ್ಮಲ್ಲಿ ಹಳೆಯದು. ಒಡೆಯನ ಕೈಯಿಂದ ವೀಳ್ಯವನ್ನು ಪಡೆದವನು ಅವನ ಕಾರ್ಯವನ್ನು ತಲೆಯ ಮೇಲೆ ಹೊತ್ತನೆಂದೇ ಅರ್ಥ. ತಾಳಿಕೋಟೆಯ ಯುದ್ಧಕ್ಕೆ ಕೆಲವು ವರ್ಷಗಳ ಹಿಂದೆ ಅಹಮದನಗರದ ಹುಸೇನ್ ನಿಜಾಮಶಹನು ಸೋತು ಸಂಧಿಯನ್ನು ಬೇಡಿದಾಗ, ಅವನು ತಾನಾಗಿ ಬಂದು ತನ್ನ ಕೈಯಿಂದ ವೀಳ್ಯವನ್ನು ತೆಗೆದುಕೊಳ್ಳಬೇಕೆಂದು ರಾಮರಾಯನು ನಿಬಂಧನೆ ಹಾಕಿದನೆಂದು ಫೆರಿಸ್ತನು ಹೇಳುತ್ತಾನೆ. ಸುಲ್ತಾನನು ಬಂದನು, ಆದರೆ ರಾಯನು ಕೈಹಿಡಿದೊಡನೆಯೇ ನೀರನ್ನು ತರಿಸಿ ಕೈ ತೊಳೆದುಕೊಂಡನಂತೆ. ಮರ್ಯಾದೆಯೆಂದು ಕೊಡುವುದನ್ನು ಬಲಾತ್ಕಾರದಿಂದ ಕೊಟ್ಟರೆ ಅದು ಮರ್ಯಾದೆಯಾಗಿ ಉಳಿಯುವುದಿಲ್ಲ. ಕೊನೆಗೆ ರಾಮರಾಯನ ಶಿರಚ್ಛೇದಕ್ಕೆ ಆಜ್ಞೆಯಿತ್ತವನು ಈ ಹುಸೇನ್ ನಿಜಾಮಶಹನೇ.

ಆಂಗ್ಲರೂ ಮನ್ನಣೆಯ ಈ ಶಕ್ತಿಯನ್ನು ಅರಿಯದವರಲ್ಲ. ೧೮೫೭ರ ದಂಗೆಯ ಬಳಿಕ, ೧೮೬೧ರಲ್ಲಿ ಅವರು ‘ಸ್ಟಾರ್ ಆಫ್ ಇಂಡಿಯಾ’ ಎಂಬ ಪ್ರಶಸ್ತಿವರ್ಗವನ್ನು ಸ್ಥಾಪಿಸಿದರು. ಮುಂದೆ ಅದರಲ್ಲಿ ಮೂರು ದರ್ಜೆಗಳಾದುವು. ೧೯೦೭ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರಿಗೆ ಅದರ ಮೊದಲನೆಯ ದರ್ಜೆ ದೊರೆಯಿತು. ೧೯೧೫ರಲ್ಲಿ ದಿವಾನ್ ವಿಶ್ವೇಶ್ವರಯ್ಯನವರಿಗೆ ‘ಇಂಡಿಯನ್ ಎಂಪೈರ್’ ವರ್ಗದ ಪದವಿ ಬಂದು, ಅವರು ‘ಸರ್’ ಎನಿಸಿಕೊಂಡರು.

ಸ್ವತಂತ್ರ ಭಾರತವು ತನ್ನ ಸಂವಿಧಾನದ ೧೮ನೆಯ ವಿಧಿಯಿಂದ ಬಿರುದುಗಳನ್ನು ತೊಡೆದುಹಾಕಿತು. ಸೈನಿಕ ಹಾಗೂ ವಿದ್ಯಾಸಂಬಂಧವಾದ ಪದವಿಗಳು ಮಾತ್ರ ಉಳಿದುವು. ಬಳಿಕ ೧೯೫೪ರ ಜನವರಿ ೨ರಂದು ಭಾರತರತ್ನವೂ, ಮೂರು ವರ್ಗಗಳುಳ್ಳ ಪದ್ಮವಿಭೂಷಣವೂ ಸ್ಥಾಪಿತವಾದುವು. ‘ಪಹಲಾ’, ‘ದೂಸರಾ’, ‘ತೀಸರಾ’ ಎಂಬ ಈ ಮೂರು ವರ್ಗಗಳಿಗೆ ಮರುವರ್ಷ ಪದ್ಮವಿಭೂಷಣ, ಪದ್ಮಭೂಷಣ, ಪದ್ಮಶ್ರೀ ಎಂಬ ಹೆಸರುಗಳಾದುವು. ಭಾರತರತ್ನದ ಪದಕವು ಕಂಚಿನ ಅರಳಿಯೆಲೆ. ಅದರ ಮೇಲೆ ಪ್ಲಾಟಿನಮ್ಮಿನ ಸೂರ್ಯ, ಕೆಳಗೆ ನಾಗರೀ ಅಕ್ಷರಗಳು, ಕೊರಳಿಗೆ ಬಿಳಿಯ ಪಟ್ಟಿ. ಪದ್ಮಪದಕಗಳ ನಡುವೆ ಕಮಲವಿದೆ. ಪಡೆದವರಿಗೆ ರಾಷ್ಟ್ರಪತಿಗಳ ಸಹಿಯುಳ್ಳ ಸನ್ನದು ಸಲ್ಲುತ್ತದೆ, ಹಣವಿಲ್ಲ, ಜಹಗೀರಿಲ್ಲ.

ಒಂದು ಕಾಲದಲ್ಲಿ ‘ಸರ್’ ಎನಿಸಿದ್ದ ವಿಶ್ವೇಶ್ವರಯ್ಯನವರೇ ೧೯೫೫ರಲ್ಲಿ ಭಾರತರತ್ನರಾದರು. ಗದುಗಿನಲ್ಲಿ ಹುಟ್ಟಿದ ಭೀಮಸೇನ ಜೋಶಿಯವರಿಗೆ ೨೦೦೯ರಲ್ಲಿಯೂ, ವಿಜ್ಞಾನಿ ಸಿ. ಎನ್. ಆರ್. ರಾವ್ ಅವರಿಗೆ ೨೦೧೪ರಲ್ಲಿಯೂ ಆ ಗೌರವ ಸಂದಿತು. ಕುವೆಂಪುರವರಿಗೆ ೧೯೫೮ರಲ್ಲಿ ಪದ್ಮಭೂಷಣವೂ, ಮೂವತ್ತು ವರ್ಷಗಳ ತರುವಾಯ ಪದ್ಮವಿಭೂಷಣವೂ ದೊರೆತುವು.

ಇವು ಹೊಸ ಹೆಸರಿನ ಹಳೆಯ ಬಿರುದುಗಳಲ್ಲವೆ ಎಂಬ ಆಕ್ಷೇಪವಿಲ್ಲದೆ ಇರಲಿಲ್ಲ. ೧೯೭೭ರಲ್ಲಿ ನಿಲ್ಲಿಸಲಾದ ಇವು ೧೯೮೦ರಲ್ಲಿ ಮರಳಿ ಬಂದುವು. ೧೯೯೫ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಇವು ಬಿರುದುಗಳಲ್ಲ, ಆದರೆ ಹೆಸರಿನ ಹಿಂದೆಯಾಗಲಿ ಮುಂದೆಯಾಗಲಿ ಇವನ್ನು ಹಚ್ಚಿಕೊಳ್ಳಕೂಡದು ಎಂದು ತೀರ್ಪಿತ್ತಿತು. ಚಾಮರವು ಪಡೆದವನನ್ನು ಎಲ್ಲರಿಂದ ಬೇರೆಯಾಗಿ ನಿಲ್ಲಿಸುತ್ತಿದ್ದಿತು. ಈ ಪದಕವಾದರೋ ಪಡೆದವರನ್ನು ಸಮಾನ ಪ್ರಜೆಗಳ ನಡುವೆಯೇ ಉಳಿಸಬೇಕೆಂಬುದು ಆ ತೀರ್ಪಿನ ತಾತ್ಪರ್ಯವೆಂದು ನಾವು ತಿಳಿಯುತ್ತೇವೆ.

ಕಡೆಯದಾಗಿ ತಾಳಿಕೋಟೆಯ ಜಿಲ್ಲೆಗೇ ಮರಳೋಣ. ೨೦೧೮ರಲ್ಲಿ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳಿಗೆ ಪದ್ಮಶ್ರೀಯು ಘೋಷಿತವಾಯಿತು. ಸಂನ್ಯಾಸಿಗೆ ಪ್ರಶಸ್ತಿಗಳಲ್ಲಿ ಆಸಕ್ತಿಯಿಲ್ಲವೆಂದು ಅವರು ಪ್ರಧಾನಮಂತ್ರಿಗಳಿಗೆ ವಿನಯದಿಂದ ಪತ್ರ ಬರೆದು ಅದನ್ನು ಸ್ವೀಕರಿಸಲಿಲ್ಲ. ಕೊಟ್ಟವರಿಗೆ ಅದರಿಂದ ಕುಂದುಂಟಾಗಲಿಲ್ಲ, ಬೇಡವೆಂದವರ ಮೇಲೆ ಯಾರೂ ಮುನಿಯಲಿಲ್ಲ. ೨೦೨೩ರ ಜನವರಿಯಲ್ಲಿ ಅವರು ದೇಹಬಿಟ್ಟಾಗ ಜನಸಾಗರವೇ ದರ್ಶನಕ್ಕೆ ನೆರೆಯಿತು.

ಅದೇ ನೆಲದ ರಾಜಕಾರಣದಲ್ಲಿ ನಾಲ್ಕುನೂರೈವತ್ತು ವರ್ಷಗಳ ಹಿಂದೆ ಒಂದು ವೀಳ್ಯವನ್ನು ಬೇಡವೆನ್ನುವ ಸ್ವಾತಂತ್ರ್ಯವು ಒಬ್ಬ ಸುಲ್ತಾನನಿಗೂ ಇರಲಿಲ್ಲ. ಇಂದು ಅದು ಆಶ್ರಮವಾಸಿಯಾದ ಒಬ್ಬ ಸಂನ್ಯಾಸಿಗೆ ಇದ್ದಿತು. ಪದಕದ ಲೋಹಕ್ಕೆ ಬೆಲೆ ಬರುವುದು ಆ ಸ್ವಾತಂತ್ರ್ಯದಿಂದಲೇ ಎಂದು ನಾವು ನಂಬುತ್ತೇವೆ.